ಯಾವ ಗ್ಲಾಕಸ್? ಗ್ರೀಕ್ ಪುರಾಣದ ಒಂದೇ ಹೆಸರಿನವರನ್ನು ಬೇರೆ ಮಾಡುವ ಕ್ರಮ

ಪುಸ್ತಕದ ಕೊನೆಯಲ್ಲಿ ಹೆಸರು ಮತ್ತು ಪುಟಸಂಖ್ಯೆಯ ಪಟ್ಟಿ ಇರುತ್ತದಲ್ಲ, ಆ ಪದಸೂಚಿ ಮಾಡುವುದು ನನ್ನ ಕೆಲಸ. ಗ್ರೀಕ್ ಪುರಾಣದ ಪುಸ್ತಕ ಕೈಗೆ ಬಂದರೆ ಜ್ಯೂಸ್, ಅಥೀನಾ ಇವರಿಂದ ನನಗೇನೂ ತೊಂದರೆಯಿಲ್ಲ. ತಲೆ ತಿನ್ನುವವರು ಒಂದು ಸಾಲಿನಲ್ಲಿ ಬಂದು ಮುಂದಿನ ಸಾಲಿನಲ್ಲಿ ಸತ್ತುಹೋಗುವ ಸಣ್ಣಪುಟ್ಟ ಪಾತ್ರಗಳು. ಆರಂಭದಲ್ಲೇ ಸತ್ತ ಗ್ಲಾಕಸ್ ನೂರು ಪುಟ ದಾಟಿದ ಮೇಲೆ ರಥ ಓಡಿಸುತ್ತಿದ್ದರೆ ಏನು ಮಾಡಬೇಕು? ಅವನೇ ಇವನಾ, ಬೇರೆಯವನಾ? ಸುಮ್ನೆ ಖುಷಿಗೆ ಓದುವವರಿಗೂ ಈ ಗೊಂದಲ ತಪ್ಪಿದ್ದಲ್ಲ. ನಾನು ಅದನ್ನು ಬಿಡಿಸುವುದು ಹೀಗೆ.

ಮೊದಲಿಗೆ, ಹೆಸರಿಗೊಂದು ಕಾರ್ಡ್ ಮಾಡಬೇಡಿ. ಆ ಹೆಸರು ಬಂದ ಪ್ರತಿ ಸಂದರ್ಭಕ್ಕೂ ಒಂದೊಂದು ಕಾರ್ಡ್ ಮಾಡಿ. ತಂದೆ ಯಾರು, ಊರು ಯಾವುದು, ಯಾರ ಜೊತೆ ಕಾಣಿಸಿಕೊಂಡ, ಹೇಗೆ ಸತ್ತ, ಈ ಕಥೆ ಹೇಳಿದವರು ಯಾರು, ಇಷ್ಟು ಬರೆಯಿರಿ. ಗೊತ್ತಿಲ್ಲದ್ದನ್ನು ಖಾಲಿ ಬಿಡಿ. ಎರಡು ಕಾರ್ಡುಗಳನ್ನು ಆಮೇಲೆ ಸೇರಿಸುವುದು ಸುಲಭ. ಒಂದೇ ಕಾರ್ಡಿನಲ್ಲಿ ಕಲೆತುಹೋದ ಇಬ್ಬರನ್ನು ಬಿಡಿಸುವುದು ಬಹಳ ಕಷ್ಟ.

ಗ್ಲಾಕಸ್‌ನನ್ನೇ ತೆಗೆದುಕೊಳ್ಳಿ. ಒಬ್ಬ ಬಿಯೋಷಿಯಾದ ಆಂಥೆಡಾನ್ ಊರಿನ ಬೆಸ್ತ, ಒಂದು ವಿಚಿತ್ರ ಹುಲ್ಲು ತಿಂದು ಸಮುದ್ರ ದೇವತೆಯಾದವನು. ಇನ್ನೊಬ್ಬ ಕ್ರೀಟ್‌ನ ರಾಜ ಮಿನೋಸನ ಮಗ. ಮಗುವಾಗಿದ್ದಾಗ ಜೇನಿನ ದೊಡ್ಡ ಜಾಡಿಯಲ್ಲಿ ಬಿದ್ದು ಸತ್ತ. ಪಾಲಿಯಿಡಸ್ ಎಂಬ ಕಣಿ ಹೇಳುವವನು ಅವನನ್ನು ಬದುಕಿಸಿದ. ಮೂರನೆಯವನು ಸಿಸಿಫಸನ ಮಗ, ತಾನೇ ಸಾಕಿದ ಹೆಣ್ಣು ಕುದುರೆಗಳಿಗೆ ಆಹಾರವಾದವನು. ನಾಲ್ಕನೆಯವನು ಟ್ರಾಯ್ ಯುದ್ಧಕ್ಕೆ ಬಂದ ಲಿಸಿಯಾದ ಯೋಧ, ಹಿಪ್ಪೊಲೊಕಸನ ಮಗ. ಹೋಮರ್ ಕವಿಯ ಟ್ರಾಯ್ ಯುದ್ಧಕಾವ್ಯ ಇಲಿಯಡ್‌ನ 6ನೇ ಭಾಗದಲ್ಲಿ ಡಯೊಮಿಡೀಸ್ ಜೊತೆ ಕವಚ ಬದಲಿಸಿಕೊಳ್ಳುವವನು ಇವನೇ. 100 ಎತ್ತು ಬೆಲೆಯ ಚಿನ್ನದ ಕವಚ ಕೊಟ್ಟು 9 ಎತ್ತು ಬೆಲೆಯ ಕಂಚಿನದ್ದನ್ನು ಪಡೆದ. ಜ್ಯೂಸ್ ಅವನ ಬುದ್ಧಿ ಕಿತ್ತುಕೊಂಡಿದ್ದ ಎನ್ನುತ್ತಾನೆ ಹೋಮರ್. ನನಗಂತೂ ಈ ನಾಲ್ವರಲ್ಲಿ ಇವನೇ ಅಚ್ಚುಮೆಚ್ಚು.

ಇಲ್ಲೊಂದು ತೊಡಕಿದೆ. ಮೂರನೆಯವನು ಮತ್ತು ನಾಲ್ಕನೆಯವನು ಒಂದೇ ಮನೆತನದವರು. ಸಿಸಿಫಸನ ಮಗ ಗ್ಲಾಕಸ್, ಅವನ ಮಗ ಬೆಲ್ಲೆರೊಫಾನ್, ಅವನ ಮಗ ಹಿಪ್ಪೊಲೊಕಸ್, ಅವನ ಮಗ ಮತ್ತೆ ಗ್ಲಾಕಸ್. ಮುತ್ತಜ್ಜನ ಹೆಸರು ಮರಿಮಗನಿಗೆ ಬಂದಿದೆ. ಈ ವಂಶಾವಳಿಯನ್ನು ಹೋಮರ್ ಯುದ್ಧಭೂಮಿಯಲ್ಲಿ ಆ ಮರಿಮಗನ ಬಾಯಿಂದಲೇ ಹೇಳಿಸುತ್ತಾನೆ. ಹಾಗಾಗಿ 'ಸಿಸಿಫಸನ ವಂಶದ ಗ್ಲಾಕಸ್' ಎಂದು ಬರೆದರೆ ಏನೂ ಹೇಳಿದ ಹಾಗಾಗಲಿಲ್ಲ. ವಂಶ ಸಾಲದು, ತಂದೆಯ ಹೆಸರೇ ಬೇಕು.

ತಂದೆಯ ಹೆಸರು ಸಿಗದಿದ್ದಾಗ ನಾನು ನಂಬುವುದು ತಲೆಮಾರನ್ನು. ಗ್ರೀಕ್ ಪುರಾಣಕ್ಕೆ ಇಸವಿಗಳಿಲ್ಲ, ಆದರೆ ಟ್ರಾಯ್ ಯುದ್ಧವಿದೆ. ಅದನ್ನು ಗೂಟದ ಹಾಗೆ ನೆಟ್ಟುಕೊಳ್ಳಿ. ಆರ್ಗೋ ಹಡಗಿನ ಪಯಣ ಅದಕ್ಕಿಂತ ಒಂದು ತಲೆಮಾರು ಹಿಂದೆ. ಹಡಗಿನಲ್ಲಿ ಪಿಲಿಯಸ್, ಟೆಲಮಾನ್ ಇದ್ದರು, ಟ್ರಾಯ್‌ನಲ್ಲಿ ಅವರ ಮಕ್ಕಳು ಅಕಿಲೀಸ್, ಅಜಾಕ್ಸ್. ಥೀಬ್ಸ್ ಮೇಲೆ ಏಳು ವೀರರು ದಂಡೆತ್ತಿ ಹೋದದ್ದೂ ಅಪ್ಪಂದಿರ ಕಾಲದಲ್ಲೇ. ಹೆರಾಕ್ಲಿಸ್ ಕೂಡ ಅದೇ ತಲೆಮಾರಿನವನು. ಪರ್ಸಿಯಸ್ ಹೆರಾಕ್ಲಿಸನ ಮುತ್ತಜ್ಜ, ಇನ್ನೂ ಹಳಬ. ಇಷ್ಟು ನೆನಪಿದ್ದರೆ ಅರ್ಧ ಕೆಲಸ ಮುಗಿಯಿತು. ಮನುಷ್ಯರನ್ನು ತಿನ್ನುವ ಕುದುರೆಗಳ ಒಡೆಯ ಡಯೊಮಿಡೀಸ್ ಹೆರಾಕ್ಲಿಸನ ಸಾಹಸದಲ್ಲಿ ಬರುತ್ತಾನೆ. ಕವಚ ಗಿಟ್ಟಿಸಿಕೊಂಡ ಡಯೊಮಿಡೀಸ್ ಥೀಬ್ಸ್‌ನಲ್ಲಿ ಸತ್ತ ಟೈಡಿಯಸನ ಮಗ. ಮೊದಲನೆಯವನು ಟ್ರಾಯ್‌ಗೆ ಬರುವ ಪ್ರಶ್ನೆಯೇ ಇಲ್ಲ.

ಊರು ಸುಲಭ ಅನಿಸುತ್ತದೆ, ಆದರೆ ಹುಷಾರು. ಥೀಬ್ಸ್‌ನ ಕ್ರಿಯಾನ್, ಅಲ್ಲಿನ ರಾಜ ಈಡಿಪಸನ ತಾಯಿ ಜೊಕಾಸ್ಟಾಳ ತಮ್ಮ. ಕೊರಿಂತ್‌ನ ಕ್ರಿಯಾನ್ ಆರ್ಗೋ ಹಡಗಿನ ನಾಯಕ ಜೇಸನ್‌ಗೆ ಮಗಳನ್ನು ಕೊಡಲು ಹೊರಟವನು. ಒಂದೇ ಹೆಸರು, ಇಬ್ಬರೂ ರಾಜರು, ತಲೆಮಾರಿನಿಂದಲೂ ಬೇರೆ ಮಾಡುವುದು ಕಷ್ಟ. ಇದು ಸಾಲದೆಂಬಂತೆ ಈಡಿಪಸ್ ಬೆಳೆದದ್ದು ಕೊರಿಂತ್‌ನಲ್ಲಿ. ಹೀಗಾಗಿ ಥೀಬ್ಸ್ ಕಥೆಯ ಒಂದೇ ಪುಟದಲ್ಲಿ ಕ್ರಿಯಾನ್, ಕೊರಿಂತ್ ಎರಡೂ ಸಿಗುತ್ತವೆ. ಪುಟದಲ್ಲಿ ಊರಿನ ಹೆಸರು ಇದ್ದರೆ ಸಾಲದು. ಅವನು ಅಲ್ಲಿ ಆಳುತ್ತಿದ್ದಾನಾ ಎಂದು ನೋಡಿ.

ಸಾವು ಹೆಂಗಸರ ವಿಷಯದಲ್ಲಿ ಜಾಸ್ತಿ ನೆರವಾಗುತ್ತದೆ, ಯಾಕೆಂದರೆ ಅವರ ಬಗ್ಗೆ ಕವಿಗಳು ಎಷ್ಟೋ ಸಲ ಅದನ್ನು ಬಿಟ್ಟು ಬೇರೇನೂ ಹೇಳುವುದಿಲ್ಲ. ಆರ್ಫಿಯಸನ ಯೂರಿಡಿಸಿ ಹಾವು ಕಚ್ಚಿ ಸತ್ತಳು. ಥೀಬ್ಸ್‌ನ ಕ್ರಿಯಾನ್‌ನ ಹೆಂಡತಿ ಯೂರಿಡಿಸಿ ಮಗ ಹೆಮನ್ ಸತ್ತ ಸುದ್ದಿ ಕೇಳಿ ಪ್ರಾಣ ಕಳೆದುಕೊಂಡಳು. ಪರ್ಸಿಯಸನ ಅಜ್ಜಿಯ ಹೆಸರೂ ಯೂರಿಡಿಸಿಯೇ, ಅಲ್ಲಿ ತಲೆಮಾರು ಕೈಹಿಡಿಯುತ್ತದೆ. ಆದರೆ ಕೊನೆಯನ್ನೇ ನೆಚ್ಚಿಕೊಂಡರೆ ಸಿಕ್ನಸ್ ನಿಮ್ಮನ್ನು ದಾರಿ ತಪ್ಪಿಸುತ್ತಾನೆ. ಓವಿಡ್ ಕವಿಯ ಮೆಟಮಾರ್ಫಸಿಸ್ ಒಂದರಲ್ಲೇ ಆ ಹೆಸರಿನ ಮೂವರು ಹಂಸಗಳಾಗುತ್ತಾರೆ! ಒಬ್ಬ ಫೇಥಾನ್‌ಗಾಗಿ ಅಳುತ್ತಾ, ಒಬ್ಬ ಬೆಟ್ಟದಿಂದ ಹಾರಿ, ಒಬ್ಬ ಅಕಿಲೀಸನ ಕೈಯಲ್ಲಿ ಉಸಿರುಗಟ್ಟಿ. ಇವರಲ್ಲದೆ ಹೆರಾಕ್ಲಿಸ್ ಕೊಂದ ಏರಿಸ್ ದೇವರ ಮಗ ಸಿಕ್ನಸ್ ಬೇರೆ ಇದ್ದಾನೆ. ಇಲ್ಲಿ 'ಹಂಸವಾದವನು' ಎಂದು ಬರೆದ ಕಾರ್ಡ್ ಹರಿದು ಹಾಕುವುದೇ ವಾಸಿ.

ಉದ್ದನೆಯ ಪಟ್ಟಿಗಳಲ್ಲಿ ಬರುವ ಹೆಸರುಗಳನ್ನು ಯಾವುದಕ್ಕೂ ಅಂಟಿಸಬೇಡಿ. ಡನೌಸನಿಗೆ 50 ಹೆಣ್ಣುಮಕ್ಕಳು, ಪ್ರಿಯಾಮನಿಗೆ 50 ಗಂಡುಮಕ್ಕಳು. ಡನೌಸನ ಮಕ್ಕಳ ಹೆಸರುಗಳನ್ನು ಪುರಾಣ ಕಥೆಗಳನ್ನು ಒಟ್ಟುಗೂಡಿಸಿದ ಅಪೊಲೊಡೋರಸ್ ಒಂದೂ ಬಿಡದೆ ಕೊಡುತ್ತಾನೆ. ಅದರಲ್ಲೊಬ್ಬಳು ಯೂರಿಡಿಸಿ, ಒಬ್ಬಳು ಗ್ಲಾಕೆ. ಅವರಿಗೆ ಒಂದು ಸಾಲು ಸಾಕು.

ಯುದ್ಧದಲ್ಲಿ ಸಾಯುವವರ ಕಥೆಯೂ ಹೆಚ್ಚುಕಡಿಮೆ ಹಾಗೇ. ಇಲಿಯಡ್‌ನಲ್ಲಿ ಮೆಲನಿಪ್ಪಸ್ ಎಂಬ ಟ್ರಾಯ್ ಕಡೆಯವನನ್ನು ಒಮ್ಮೆ ಟ್ಯೂಸರ್, ಒಮ್ಮೆ ಆಂಟಿಲೊಕಸ್, ಒಮ್ಮೆ ಪೆಟ್ರೊಕ್ಲಸ್ ಕೊಲ್ಲುತ್ತಾರೆ. ಮೂವರು ಕೊಂದರೆ ಮೂವರು ಸತ್ತರು ಎಂದೇ ಲೆಕ್ಕ. ಆದರೆ ಪೈಲೆಮನೀಸ್ ವಿಷಯ ಹಾಗಲ್ಲ. 5ನೇ ಭಾಗದಲ್ಲಿ ಮೆನೆಲಾಸ್ ಅವನನ್ನು ಕೊಲ್ಲುತ್ತಾನೆ. 13ನೇ ಭಾಗದಲ್ಲಿ ಅವನು ಮಗ ಹಾರ್ಪಾಲಿಯನ್‌ನ ಶವದ ಹಿಂದೆ ಅಳುತ್ತಾ ನಡೆಯುತ್ತಾನೆ. ಎರಡೂ ಕಡೆ ಪಾಫ್ಲಗೋನಿಯಾದವನೇ. ಇಬ್ಬರಿದ್ದರು ಎಂದು ಹೇಳಿ ಕೈತೊಳೆದುಕೊಳ್ಳಬಹುದು. ನಾನು ಹಾಗೆ ಮಾಡುವುದಿಲ್ಲ, ಹೋಮರನಿಗೆ ಮರೆತಿದೆ ಅಷ್ಟೇ. ಒಂದೇ ನಮೂದು, ಪಕ್ಕದಲ್ಲೊಂದು ಟಿಪ್ಪಣಿ.

ಉಲ್ಟಾ ಸಮಸ್ಯೆಯೂ ಇದೆ. ಕೊರಿಂತ್‌ನ ಕ್ರಿಯಾನ್‌ನ ಮಗಳು ಕೆಲವರಿಗೆ ಗ್ಲಾಕೆ, ಕೆಲವರಿಗೆ ಕ್ರಿಯೂಸಾ. ಜೇಸನ್‌ನ ಮೊದಲ ಹೆಂಡತಿ ಮೆಡಿಯಾ ಕಳಿಸಿದ ವಿಷದ ಉಡುಪು ತೊಟ್ಟು ಸುಟ್ಟುಹೋದವಳು ಅಂದರೆ ಅವಳೇ, ಹೆಸರು ಏನೇ ಇರಲಿ ಸೇರಿಸಿ. ಈನಿಯಸನ ಹೆಂಡತಿ ಕ್ರಿಯೂಸಾಳನ್ನು ಮಾತ್ರ ಅಲ್ಲಿಗೆ ತರಬೇಡಿ.

ಕೆಲವರನ್ನು ಬಿಡಿಸಲು ಆಗುವುದೇ ಇಲ್ಲ. ಬೇಟೆಗಾರ್ತಿ ಅಟಲಾಂಟಾಳ ತಂದೆ ಆರ್ಕೇಡಿಯಾದ ಇಯಾಸಸ್, ಓಟಗಾರ್ತಿ ಅಟಲಾಂಟಾಳ ತಂದೆ ಬಿಯೋಷಿಯಾದ ಸ್ಕೀನಿಯಸ್ ಎಂದು ಬೇರೆ ಮಾಡುವುದು ರೂಢಿ. ಅಪೊಲೊಡೋರಸ್ ಎರಡೂ ಕಥೆಗಳನ್ನು ಒಬ್ಬಳಿಗೇ ಕೊಟ್ಟು, ತಂದೆಯ ಬಗ್ಗೆ ಬೇರೆಯವರು ಬೇರೆ ಹೇಳುತ್ತಾರೆ ಎಂದು ಸುಮ್ಮನಾಗುತ್ತಾನೆ. ಸಿಲ್ಲಾ ಕೂಡ ಹೀಗೇ. ತಂದೆ ನೈಸಸನ ಕೂದಲು ಕತ್ತರಿಸಿ ದ್ರೋಹ ಮಾಡಿದ ಹುಡುಗಿ ಬೇರೆ, ಹಡಗಿನವರನ್ನು ತಿನ್ನುವ ರಾಕ್ಷಸಿ ಬೇರೆ. ಆದರೂ ರೋಮನ್ ಕವಿ ವರ್ಜಿಲ್ ತನ್ನ 6ನೇ ಎಕ್ಲಾಗ್‌ನಲ್ಲಿ (ಎಕ್ಲಾಗ್ ಎಂದರೆ ಕುರುಬರ ಬದುಕಿನ ಕವಿತೆ) ರಾಕ್ಷಸಿಯನ್ನೇ ನೈಸಸನ ಮಗಳು ಎಂದುಬಿಟ್ಟಿದ್ದಾನೆ. ಇಂಥ ಕಡೆ ಕಾರ್ಡಿನಲ್ಲಿ 'ಹೇಳಿದವರು' ಎಂದು ಬರೆದದ್ದು ಕೆಲಸಕ್ಕೆ ಬರುತ್ತದೆ. ಯಾರು ಸರಿ ಎಂದು ತೀರ್ಪು ಕೊಡಬೇಡಿ. ಯಾರ ಪ್ರಕಾರ ಎಂದು ಬರೆದರೆ ಸಾಕು.

ಕೊನೆಗೆ ನಮೂದು ಬರೆಯುವಾಗ ಗ್ಲಾಕಸ್ 1, ಗ್ಲಾಕಸ್ 2 ಎಂದು ಅಂಕಿ ಹಾಕಬೇಡಿ. ನಾಳೆ ಇನ್ನೊಬ್ಬ ಸಿಕ್ಕರೆ ಎಲ್ಲ ಅಂಕಿಗಳನ್ನೂ ತಿದ್ದಬೇಕು. 'ಗ್ಲಾಕಸ್, ಮಿನೋಸನ ಮಗ', 'ಗ್ಲಾಕಸ್, ಆಂಥೆಡಾನ್‌ನ ಬೆಸ್ತ' ಎಂದು ಬರೆಯಿರಿ. ಹಳೆಯ ತಲೆಮಾರು ಮೇಲೆ, ಟ್ರಾಯ್‌ನವರು ಕೆಳಗೆ. ತಂದೆಯೂ ಊರೂ ಗೊತ್ತಾಗದವರನ್ನು ಕೊಂದವನ ಹೆಸರಿನಿಂದ ಗುರುತಿಸಿ: 'ಮೆಲನಿಪ್ಪಸ್, ಟ್ಯೂಸರ್ ಕೈಯಲ್ಲಿ ಸತ್ತವನು'.