ಮಾಡೆಲ್ ವಿಮಾನಕ್ಕೆ ಯಾವ ಡಿಸೈನ್ ಸಾಫ್ಟ್‌ವೇರ್ ಆರಿಸಬೇಕು?

ಸಾಫ್ಟ್‌ವೇರ್ ಹುಡುಕುವ ಮೊದಲು ವಿಮಾನವನ್ನು ಯಾವುದರಲ್ಲಿ ಕಟ್ಟುತ್ತೀರಿ ಅಂತ ತೀರ್ಮಾನ ಮಾಡಿ. ಫೋಮ್ ಬೋರ್ಡಾ, ಬಾಲ್ಸಾ ಮರವಾ, ತ್ರೀಡಿ ಪ್ರಿಂಟಾ? ಮೂರಕ್ಕೂ ಬೇಕಾಗುವ ಫೈಲ್ ಬೇರೆ ಬೇರೆ. ಇದನ್ನು ಬಿಟ್ಟು 'ಯಾವುದು ಬೆಸ್ಟ್' ಅಂತ ಕೇಳುತ್ತಾ ಹೋದರೆ ಕೊನೆಯೇ ಇಲ್ಲ.

ಫೋಮ್ ಬೋರ್ಡ್ ಆದರೆ ಇಂಕ್‌ಸ್ಕೇಪ್ ಸಾಕು. ಉಚಿತ, ಬೇಗ ಕಲಿಯಬಹುದು. ಪ್ರಿಂಟ್ ತೆಗೆಯುವಾಗ ಹಾಳೆಯ ಮೂಲೆಯಲ್ಲಿ 100 ಮಿ.ಮೀ. ಗೆರೆ ಒಂದು ಹಾಕಿ, ಬಂದ ಮೇಲೆ ಸ್ಕೇಲ್ ಇಟ್ಟು ಅಳೆಯಿರಿ. ಅಳತೆ ಹೆಚ್ಚುಕಮ್ಮಿ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಬಾಲ್ಸಾ ಕೆಲಸವೇ ನಿಜವಾದ ಪರೀಕ್ಷೆ. ರೆಕ್ಕೆ ತುದಿಯ ಕಡೆಗೆ ಕಿರಿದಾಗುತ್ತಾ ಹೋದರೆ ಪ್ರತಿ ರಿಬ್‌ನ (ರೆಕ್ಕೆಗೆ ಆಕಾರ ಕೊಡುವ ಅಡ್ಡ ಪಟ್ಟಿ) ಅಳತೆಯೂ ಬೇರೆ, ಕೈಯಲ್ಲಿ ಒಂದೊಂದೇ ಬರೆಯುತ್ತಾ ಕೂತರೆ ಬೇಸರ ಬರುತ್ತದೆ. ಪ್ರೊಫಿಲಿ, ಡೆವ್‌ವಿಂಗ್ ಅನ್ನೋ ಸಾಫ್ಟ್‌ವೇರ್‌ಗಳು ಇರುವುದೇ ಇದಕ್ಕಾಗಿ. ಇಡೀ ವಿಮಾನವನ್ನೇ ಬರೆಯಬೇಕು ಅಂದರೆ ಫ್ರೀಕ್ಯಾಡ್ ಅಥವಾ ಫ್ಯೂಷನ್ ನೋಡಿ. ಏರ್‌ಫಾಯಿಲ್ ಆಕಾರಗಳು, ಅಂದರೆ ರೆಕ್ಕೆಯನ್ನು ಅಡ್ಡ ಕತ್ತರಿಸಿದರೆ ಕಾಣುವ ಆಕಾರಗಳು, ಇಲಿನಾಯ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಉಚಿತವಾಗಿ ಸಿಗುತ್ತವೆ. ಆ ಫೈಲ್‌ನಲ್ಲಿ ಉದ್ದದ ಅಂಕಿ ಸಾಮಾನ್ಯವಾಗಿ 0ಯಿಂದ 1ರವರೆಗೆ ಇರುತ್ತದೆ, ಹಾಗಾಗಿ ರೆಕ್ಕೆ ಮುಂದಿನಿಂದ ಹಿಂದಕ್ಕೆ 200 ಮಿ.ಮೀ. ಇದ್ದರೆ ಎಲ್ಲವನ್ನೂ 200ರಿಂದ ಗುಣಿಸಬೇಕು. ಮೇಲೆ ಕೆಳಗೆ 1.5 ಮಿ.ಮೀ. ಬಾಲ್ಸಾ ಹಾಳೆ ಅಂಟಿಸುವುದಾದರೆ ರಿಬ್‌ನ ಎರಡೂ ಕಡೆಯಿಂದ ಅಷ್ಟನ್ನು ಕಳೆಯಿರಿ. ರಿಬ್‌ಗಳನ್ನು ಲೇಸರ್‌ನಲ್ಲಿ ಕತ್ತರಿಸಿದರೆ ಅದು ಕೂಡ ಗೆರೆಯ ಜಾಗದಲ್ಲಿ ಸ್ವಲ್ಪ ಮರ ಸುಡುತ್ತದೆ, ಸಾಮಾನ್ಯವಾಗಿ 0.1ರಿಂದ 0.2 ಮಿ.ಮೀ. ಸ್ಪಾರ್ (ರೆಕ್ಕೆಯ ಉದ್ದಕ್ಕೂ ಹೋಗುವ ಕಡ್ಡಿ) ಕೂರುವ ಕಚ್ಚನ್ನು ಸರಿಯಾಗಿ 3 ಮಿ.ಮೀ. ಬರೆದರೆ ಸಡಿಲ ಆಗೋದು ಇದರಿಂದಲೇ. ಮರದ ದಪ್ಪವನ್ನು ಒಂದೇ ಕಡೆ ಬದಲಾಯಿಸಿದರೆ ಎಲ್ಲಾ ಕಚ್ಚುಗಳೂ ತಾವಾಗಿಯೇ ಬದಲಾಗುವಂಥ ಸಾಫ್ಟ್‌ವೇರ್ ಇದ್ದರೆ ಎಷ್ಟೋ ಕೆಲಸ ಉಳಿಯುತ್ತದೆ, ಫ್ರೀಕ್ಯಾಡ್ ಮತ್ತು ಫ್ಯೂಷನ್ ಎರಡರಲ್ಲೂ ಇದು ಸಾಧ್ಯ.

ತ್ರೀಡಿ ಪ್ರಿಂಟ್‌ಗೂ ಇವೇ ಎರಡು ಆಗುತ್ತವೆ. ಟಿಂಕರ್‌ಕ್ಯಾಡ್ ಸುಲಭ ನಿಜ, ಆದರೆ ರೆಕ್ಕೆಯ ಬಾಗು ಅದರಲ್ಲಿ ನೀಟಾಗಿ ಬರೋದು ಕಷ್ಟ.

'ಉಚಿತ' ಅಂದಾಗ ಷರತ್ತು ಓದಿ. ಫ್ಯೂಷನ್‌ನ ಉಚಿತ ಆವೃತ್ತಿ ವ್ಯಾಪಾರಕ್ಕಲ್ಲ. ಆನ್‌ಶೇಪ್‌ನ ಉಚಿತ ಖಾತೆಯಲ್ಲಿ ನಿಮ್ಮ ಡ್ರಾಯಿಂಗ್ ಎಲ್ಲರಿಗೂ ಕಾಣುತ್ತದೆ. ಫ್ರೀಕ್ಯಾಡ್‌ಗೆ ಈ ಕಾಟ ಇಲ್ಲ, ಕಲಿಯೋಕೆ ಮಾತ್ರ ಜಾಸ್ತಿ ತಾಳ್ಮೆ ಬೇಕು. ನನ್ನ ಓಟು ಅದಕ್ಕೇ.

ಇನ್ನೊಂದು ಮಾತು. ಚಿತ್ರ ಚೆನ್ನಾಗಿದ್ದ ಮಾತ್ರಕ್ಕೆ ವಿಮಾನ ಹಾರಲ್ಲ, ಅಲ್ವಾ? ಅದನ್ನು ನೋಡೋಕೆ ಎಕ್ಸ್‌ಎಫ್‌ಎಲ್‌ಆರ್5 ಅನ್ನೋ ಉಚಿತ ಸಾಫ್ಟ್‌ವೇರ್ ಬೇರೆಯೇ ಇದೆ. ರೆಕ್ಕೆ ಮತ್ತು ಬಾಲದ ಅಳತೆ ಕೊಟ್ಟರೆ ನ್ಯೂಟ್ರಲ್ ಪಾಯಿಂಟ್ (ವಿಮಾನದ ಸ್ಥಿರತೆಯನ್ನು ತೀರ್ಮಾನಿಸುವ ಜಾಗ) ಎಲ್ಲಿದೆ ಅಂತ ಅದರಲ್ಲಿ ತಿಳಿಯಬಹುದು. ವಿಮಾನದ ತೂಕದ ಕೇಂದ್ರ ಅದಕ್ಕಿಂತ ಮುಂದಿರಬೇಕು, ಇಲ್ಲದಿದ್ದರೆ ಹಾರಾಟ ಹಿಡಿತಕ್ಕೆ ಸಿಗಲ್ಲ. ಮುಂದಿನಿಂದ ಹಿಂದಕ್ಕೆ 200 ಮಿ.ಮೀ. ಇರುವ ರೆಕ್ಕೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹಾರಿದರೆ ರೆನಾಲ್ಡ್ಸ್ ಸಂಖ್ಯೆ (ರೆಕ್ಕೆಯ ಅಳತೆ ಮತ್ತು ವೇಗಕ್ಕೆ ತಕ್ಕಂತೆ ಗಾಳಿ ಹೇಗೆ ಹರಿಯುತ್ತದೆ ಅಂತ ಸೂಚಿಸುವ ಅಂಕಿ) ಸುಮಾರು 1.4 ಲಕ್ಷ. ಲೆಕ್ಕವನ್ನು ಅದರ ಆಸುಪಾಸಿನಲ್ಲೇ ಮಾಡಿಸಿ.

ಕೊನೆಗೆ ಎರಡು ಸಾಫ್ಟ್‌ವೇರ್ ಉಳಿದರೆ, ಎರಡರಲ್ಲೂ ಒಂದೇ ಒಂದು ರಿಬ್ ಬರೆದು ಡಿಎಕ್ಸ್‌ಎಫ್ ಫೈಲ್ (ಗೆರೆಗಳ ಅಳತೆ ಇರುವ ಡ್ರಾಯಿಂಗ್ ಫೈಲ್) ತೆಗೆದು ಲೇಸರ್‌ನ ಪ್ರೋಗ್ರಾಮಿನಲ್ಲಿ ತೆರೆಯಿರಿ. ಯಾವುದರಲ್ಲಿ ಗೆರೆ ಎಲ್ಲೂ ತುಂಡಾಗದೆ, ಅಳತೆ ಬದಲಾಗದೆ ಬರುತ್ತದೋ ಅದನ್ನೇ ಇಟ್ಟುಕೊಳ್ಳಿ.