ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಹುಡುಕುವ ಕೆಲಸ

ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ರಾಷ್ಟ್ರೀಯ ಭದ್ರತೆಯ ವಿಶ್ಲೇಷಣೆಗೆ ಬಂದ ಮೇಲೆ ಇತಿಹಾಸ, ರಫ್ತು ಕಾನೂನು, ಸೇನೆಯ ಖರೀದಿ ಕ್ರಮ ಎಲ್ಲವನ್ನೂ ಕಲಿತೆ. ಆದರೂ ಹೊಸ ತಂತ್ರಜ್ಞಾನವೊಂದು ಮೇಜಿಗೆ ಬಂದಾಗ ನನ್ನ ಕೈಹಿಡಿಯುವುದು ಆ ಹಳೆಯ ಓದೇ. ನಾನು ಮೊದಲು ಹುಡುಕುವುದು ಇಷ್ಟೇ: ಇದರ ದಾರಿ ಎಲ್ಲಿ ಇಕ್ಕಟ್ಟಾಗುತ್ತದೆ, ಆ ಜಾಗ ಯಾರ ಹಿಡಿತದಲ್ಲಿದೆ?

ಚಿಪ್‌ಗಳನ್ನೇ ನೋಡಿ. ಅತ್ಯಾಧುನಿಕ ಚಿಪ್‌ಗೆ ಬೇಕಾದ ಇಯುವಿ ಯಂತ್ರವನ್ನು, ಅಂದರೆ ತೀವ್ರ ಅತಿನೇರಳೆ ಬೆಳಕಿನಿಂದ ಚಿಪ್‌ನ ಮೇಲೆ ಸೂಕ್ಷ್ಮ ವಿನ್ಯಾಸ ಮೂಡಿಸುವ ಯಂತ್ರವನ್ನು, ಮಾರುವುದು ನೆದರ್ಲೆಂಡ್ಸ್‌ನ ಎಎಸ್‌ಎಂಎಲ್ ಕಂಪನಿ ಒಂದೇ. ಅದರೊಳಗೆ ಕರಗಿದ ತವರದ ಹನಿಗಳಿಗೆ ಸೆಕೆಂಡಿಗೆ ಸುಮಾರು 50,000 ಸಲ ಲೇಸರ್ ಹೊಡೆದು 13.5 ನ್ಯಾನೊಮೀಟರ್ ಬೆಳಕು ಹುಟ್ಟಿಸುತ್ತಾರೆ. ಆ ಬೆಳಕನ್ನು ಸಾಗಿಸುವ ಕನ್ನಡಿಗಳು ಜರ್ಮನಿಯ ಝೈಸ್ ಕಂಪನಿಯವು. ಇದನ್ನು ತಿಳಿದವರಿಗೆ, 2022ರ ಅಕ್ಟೋಬರ್‌ನಲ್ಲಿ ಅಮೆರಿಕ ಚೀನಾಕ್ಕೆ ಹಾಕಿದ ನಿರ್ಬಂಧ ಚಿಪ್‌ಗಷ್ಟೇ ನಿಲ್ಲದೆ ತಯಾರಿಕಾ ಉಪಕರಣಗಳಿಗೂ ಏಕೆ ಚಾಚಿತೆಂದು ಬಿಡಿಸಿ ಹೇಳಬೇಕಿಲ್ಲ. ಮರುವರ್ಷ ಚೀನಾ, ಕೆಲವು ಬಗೆಯ ಚಿಪ್‌ಗಳಿಗೆ ಬೇಕಾದ ಗ್ಯಾಲಿಯಂ ಎಂಬ ಲೋಹದ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಗ್ಯಾಲಿಯಂ ಬಹುಪಾಲು ಬಾಕ್ಸೈಟ್‌ನಿಂದ ಅಲ್ಯೂಮಿನಾ ತೆಗೆಯುವಾಗ ಜೊತೆಗೆ ಸಿಗುವಂಥದ್ದು. ಹಾಗಾಗಿ ಬೆಲೆ ಏರಿದ ಮಾತ್ರಕ್ಕೆ ಬೇರೆಯವರು ಕೂಡಲೇ ಉತ್ಪಾದನೆ ಹೆಚ್ಚಿಸಲಾಗದು.

ಇಂದಿನ ಗೂಢಲಿಪಿಗಳನ್ನು ಮುಂದೊಂದು ದಿನ ಒಡೆಯಬಹುದಾದ ಕ್ವಾಂಟಮ್ ಕಂಪ್ಯೂಟರ್ ವಿಷಯದಲ್ಲಿ ಇಕ್ಕಟ್ಟು ಇರುವುದು ನಮ್ಮ ಕಡೆಯೇ. 'ಗೂಢಲಿಪಿ ಒಡೆಯುವ ಕಂಪ್ಯೂಟರ್ ಯಾವಾಗ ಬರುತ್ತೆ?' ಎಂದು ಮೇಲಿನವರು ಕೇಳುತ್ತಲೇ ಇರುತ್ತಾರೆ. ನಾನು ಇಸವಿ ಹೇಳಲು ಹೋಗುವುದಿಲ್ಲ. ಈ ಮಾಹಿತಿ ಎಷ್ಟು ವರ್ಷ ಗುಟ್ಟಾಗಿರಬೇಕು, ಇಡೀ ವ್ಯವಸ್ಥೆಯನ್ನು ಹೊಸ ಗೂಢಲಿಪಿಗೆ ಬದಲಿಸಲು ಎಷ್ಟು ವರ್ಷ ಹಿಡಿಯುತ್ತದೆ ಎಂದು ತಿರುಗಿ ಕೇಳುತ್ತೇನೆ. 20 ಮತ್ತು 8 ಎಂದಿಟ್ಟುಕೊಳ್ಳಿ. ಆ ಯಂತ್ರ 28 ವರ್ಷದೊಳಗೆ ಯಾವಾಗ ಬಂದರೂ ಒಂದಷ್ಟು ಗುಟ್ಟು ಬಯಲಾಗುತ್ತದೆ, ಏಕೆಂದರೆ ಎದುರಾಳಿ ಇಂದೇ ಕದ್ದು ಕೂಡಿಟ್ಟು, ಅಂದು ಓದಬಹುದು. ಕ್ವಾಂಟಮ್ ಕಂಪ್ಯೂಟರಿಗೂ ಜಗ್ಗದಂತೆ ರೂಪಿಸಿದ ಹೊಸ ಗೂಢಲಿಪಿಯ ಮೊದಲ ಮಾನದಂಡಗಳನ್ನು ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2024ರ ಆಗಸ್ಟ್‌ನಲ್ಲೇ ಅಂತಿಮಗೊಳಿಸಿದೆ. ಈ ಲೆಕ್ಕ ಮುಂದಿಟ್ಟ ಮೇಲೆ ಸಭೆಯ ಮಾತು 'ಯಾವಾಗ'ದಿಂದ 'ಯಾವ ಕಡತ ಮೊದಲು' ಎಂಬಲ್ಲಿಗೆ ಹೊರಳುತ್ತದೆ. ನನ್ನ ವೃತ್ತಿಯಲ್ಲಿ ಇದಕ್ಕಿಂತ ಸಾರ್ಥಕ ಗಳಿಗೆ ನನಗೆ ಬೇರೆ ಕಂಡಿಲ್ಲ.

ಈ ದಾರಿಗೆ ಬರುವವರು ಒಂದು ತಂತ್ರಜ್ಞಾನವನ್ನಾದರೂ ಬುಡಮಟ್ಟ ಅರಿತಿರಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಜೊತೆಗೆ ಟೆಂಡರ್, ಪೇಟೆಂಟ್, ನೇಮಕಾತಿ ಜಾಹೀರಾತು ಓದುವ ತಾಳ್ಮೆ ಬೇಕು. ಪ್ರದರ್ಶನಕ್ಕಿಟ್ಟ ಒಂದು ಡ್ರೋನ್‌ನಿಂದ ಹೆಚ್ಚೇನೂ ತಿಳಿಯದು. ಅದೇ ತಯಾರಕರು ವೆಲ್ಡರ್‌ಗಳನ್ನೂ ಗುಣಮಟ್ಟ ತಪಾಸಕರನ್ನೂ ಪಾಳಿ ಲೆಕ್ಕದಲ್ಲಿ ತೆಗೆದುಕೊಳ್ಳುತ್ತಿದ್ದರೆ ದೊಡ್ಡ ಪ್ರಮಾಣದ ತಯಾರಿಕೆಗೆ ಸಿದ್ಧತೆ ನಡೆದಿದೆ ಎಂದರ್ಥ; ಆ ವಾರವೇ ವರದಿ ಬರೆಯಲು ಕೂರುತ್ತೇನೆ.