ಬೆಂಗಳೂರಿನಿಂದ ಸ್ವಾಲ್‌ಬಾರ್ಡ್‌ಗೆ: ಹೊರಡುವ ಮೊದಲೇ ಮುಗಿಸಬೇಕಾದ ಕೆಲಸ

ಉತ್ತರ ಧ್ರುವದ ಹತ್ತಿರದ ಸ್ವಾಲ್‌ಬಾರ್ಡ್ ದ್ವೀಪಗಳಿಗೆ ವೀಸಾ ಬೇಡ ಅನ್ನುವುದು ನಿಜ. ಆದರೆ ಅದೊಂದನ್ನೇ ನಂಬಿಕೊಂಡು ಹೊರಟರೆ ದೇವನಹಳ್ಳಿಯ ಚೆಕ್-ಇನ್ ಕೌಂಟರ್ ಕೂಡ ದಾಟಲಾಗುವುದಿಲ್ಲ. 1920ರ ಒಪ್ಪಂದದಂತೆ ಈ ದ್ವೀಪಸಮೂಹ ನಾರ್ವೆಯ ಆಡಳಿತದಲ್ಲಿದೆ, ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪಾದ ಷೆಂಗನ್ ವಲಯದ ಹೊರಗಿದೆ. ಅಲ್ಲಿನ ಮುಖ್ಯ ಊರು ಲಾಂಗ್‌ಯೀರ್‌ಬಿಯೆನ್‌ಗೆ ಹೋಗುವ ವಿಮಾನ ಹಿಡಿಯಬೇಕಾದದ್ದು ಮಾತ್ರ ನಾರ್ವೆಯ ಓಸ್ಲೋ ಅಥವಾ ಟ್ರೊಮ್ಸೋದಲ್ಲಿ, ಅಂದರೆ ಷೆಂಗನ್ ಒಳಗೆ. ಹೀಗಾಗಿ ನಾರ್ವೆಗೆ ಬಂದಾಗ ಒಂದು ಪ್ರವೇಶ, ಸ್ವಾಲ್‌ಬಾರ್ಡ್‌ಗೆ ಹೊರಟಾಗ ನಿರ್ಗಮನ, ವಾಪಸು ಬರುವಾಗ ಮತ್ತೊಂದು ಪ್ರವೇಶ. ಸಿಂಗಲ್ ಎಂಟ್ರಿ ವೀಸಾ ಹೋಗುವಾಗಲೇ ಮುಗಿದುಹೋಗುತ್ತದೆ. ವಾಪಸಿಗೆ ದಾರಿ ಇರುವುದಿಲ್ಲ. ಡಬಲ್ ಅಥವಾ ಮಲ್ಟಿಪಲ್ ಎಂಟ್ರಿಯೇ ಬೇಕು.

ನಾನು ಅರ್ಜಿ ಹಾಕಿದ್ದು ನಾರ್ವೆಗೆ. ಮೊದಲು ನಾರ್ವೆಯ ವಲಸೆ ಇಲಾಖೆಯ ಪೋರ್ಟಲ್‌ನಲ್ಲಿ ಅರ್ಜಿ ತುಂಬಿ ಶುಲ್ಕ ಕಟ್ಟಬೇಕು (90 ಯೂರೋ, ಮೇಲೆ ಕೇಂದ್ರದ ಸೇವಾ ಶುಲ್ಕ), ಆಮೇಲೆ ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಕಾಗದಪತ್ರ, ಬೆರಳಚ್ಚು. ಕವರಿಂಗ್ ಲೆಟರ್‌ನ ಮೊದಲ ಪ್ಯಾರಾದಲ್ಲೇ "ಓಸ್ಲೋ – ಲಾಂಗ್‌ಯೀರ್‌ಬಿಯೆನ್ – ಓಸ್ಲೋ, ಆದ್ದರಿಂದ ಎರಡು ಪ್ರವೇಶ" ಎಂದು ತಾರೀಖಿನ ಸಮೇತ ಬರೆದು, ಮೂರೂ ಕಡೆಯ ಬುಕಿಂಗ್ ಲಗತ್ತಿಸಿ. ಪಾಸ್‌ಪೋರ್ಟ್ ಕೈಗೆ ಬಂದ ತಕ್ಷಣ ಸ್ಟಿಕರ್‌ನಲ್ಲಿ ಪ್ರವೇಶದ ಸಂಖ್ಯೆ ನೋಡಿ: 02 ಅಥವಾ MULT ಇರಬೇಕು. 01 ಇದ್ದರೆ ತಿದ್ದಿಸುವುದು ಇಲ್ಲಿಂದಲೇ ಆಗಬೇಕು. ವಿಮೆ ಕನಿಷ್ಠ 30,000 ಯೂರೋ ಎಂಬುದು ಷೆಂಗನ್ ನಿಯಮ. ಅದರ ಪಾಲಿಸಿಯಲ್ಲಿ ಸ್ವಾಲ್‌ಬಾರ್ಡ್ ಸೇರಿದೆಯೇ, ಹುಡುಕಾಟ–ರಕ್ಷಣೆಯ ಖರ್ಚು ಬರುತ್ತದೆಯೇ ಎಂದು ವಿಮೆಯವರಿಂದ ಬರಹದಲ್ಲಿ ಕೇಳಿ ಪಡೆಯಿರಿ. ಲಾಂಗ್‌ಯೀರ್‌ಬಿಯೆನ್‌ನಲ್ಲಿರುವುದು ಚಿಕ್ಕ ಆಸ್ಪತ್ರೆ. ದೊಡ್ಡ ತೊಂದರೆಯಾದರೆ ರೋಗಿಯನ್ನು ವಿಮಾನದಲ್ಲಿ ಟ್ರೊಮ್ಸೋಗೆ ಸಾಗಿಸುತ್ತಾರೆ.

ಓಸ್ಲೋದಿಂದ ಲಾಂಗ್‌ಯೀರ್‌ಬಿಯೆನ್‌ಗೆ ನೇರ ವಿಮಾನದಲ್ಲಿ ಸುಮಾರು ಮೂರು ಗಂಟೆ. ಬೆಂಗಳೂರಿನ ಟಿಕೆಟ್ ಬೇರೆ, ಈ ಟಿಕೆಟ್ ಬೇರೆ ಆಗಿದ್ದರೆ ಓಸ್ಲೋದಲ್ಲಿ ಒಂದು ರಾತ್ರಿ ಉಳಿಯುವುದೇ ಕ್ಷೇಮ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆ ಹೊರುವುದಿಲ್ಲ. ವಾಪಸಿಗೂ ಒಂದು ದಿನ ಕೈಯಲ್ಲಿಟ್ಟುಕೊಳ್ಳಿ, ಗಾಳಿಗೋ ಮಂಜಿಗೋ ಅಲ್ಲಿ ವಿಮಾನ ನಿಲ್ಲುವುದುಂಟು.

ಯಾವಾಗ ಹೋಗಬೇಕು ಅನ್ನುವುದು ಏನು ನೋಡಬೇಕು ಅನ್ನುವುದರ ಮೇಲಿದೆ. ಲಾಂಗ್‌ಯೀರ್‌ಬಿಯೆನ್ 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಸೂರ್ಯ ಏಳುವುದಿಲ್ಲ. ಸುತ್ತಲೂ ಬೆಟ್ಟವಿರುವುದರಿಂದ ಊರೊಳಗೆ ಬಿಸಿಲು ಬೀಳುವುದು ಮಾರ್ಚ್ 8ರ ಹೊತ್ತಿಗೆ. ಏಪ್ರಿಲ್ 20ರ ಸುಮಾರಿನಿಂದ ಆಗಸ್ಟ್ 22ರ ಸುಮಾರಿನವರೆಗೆ ಸೂರ್ಯ ಮುಳುಗುವುದೇ ಇಲ್ಲ. ಹಿಮ, ಸ್ನೋ ಸ್ಕೂಟರ್ (ಹಿಮದ ಮೇಲೆ ಓಡುವ ಮೋಟಾರು ಬಂಡಿ), ನಾಯಿಬಂಡಿ ಬೇಕಿದ್ದರೆ ಮಾರ್ಚ್ ಮಧ್ಯದಿಂದ ಏಪ್ರಿಲ್ ಕೊನೆ. ದೋಣಿಯಲ್ಲಿ ಹಿಮನದಿಯ ಮುಖದವರೆಗೆ ಹೋಗಬೇಕು, ವಾಲ್ರಸ್, ಹಕ್ಕಿಗಳನ್ನು ನೋಡಬೇಕು ಅಂದರೆ ಜುಲೈ, ಆಗಸ್ಟ್. ಬೇರೆ ಊರುಗಳಿಗೆ ರಸ್ತೆಯೇ ಇಲ್ಲ, ಆದ್ದರಿಂದ ಎರಡರ ನಡುವಿನ ಕಾಲದಲ್ಲಿ ಹೋದವರು ಊರೊಳಗೇ ಉಳಿಯಬೇಕಾಗುತ್ತದೆ. ನನ್ನ ಆಯ್ಕೆ ಮಾರ್ಚ್ ಕೊನೆ: ಹಗಲೂ ಇದೆ, ಹಿಮವೂ ಇದೆ, ಸಂಜೆಯ ನೀಲಿ ಬೆಳಕೂ ಇದೆ.

ಬಟ್ಟೆಯ ವಿಷಯಕ್ಕೆ ಬಂದರೆ, ನಮ್ಮ ಜನವರಿಯ ಚಳಿಗೆ ಹಾಕುವ ಸ್ವೆಟರ್, ಜರ್ಕಿನ್ ಲೆಕ್ಕಕ್ಕಿಲ್ಲ. ಮಾರ್ಚ್‌ನಲ್ಲಿ ಮೈನಸ್ 10ರಿಂದ ಮೈನಸ್ 20 ಸಾಮಾನ್ಯ. ಮೈನಸ್ 15ರಲ್ಲಿ ಗಂಟೆಗೆ 40 ಕಿ.ಮೀ. ವೇಗದ ಸ್ಕೂಟರ್ ಮೇಲೆ ಕೂತರೆ ಮುಖಕ್ಕೆ ತಗಲುವ ಗಾಳಿ ಮೈನಸ್ 27ರಂತೆ ಕೊರೆಯುತ್ತದೆ. ಮೈಗೆ ತಾಗುವ ಪದರ ಹತ್ತಿಯದಾಗಿರಲೇಬಾರದು, ಬನಿಯನ್ನೂ ಸೇರಿ. ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಇರುತ್ತದೆ, ನಿಂತ ಐದು ನಿಮಿಷಕ್ಕೆ ಆ ಒದ್ದೆ ಮೈಯ ಶಾಖವನ್ನೆಲ್ಲ ಎಳೆಯುತ್ತದೆ. ಮೆರಿನೋ ಉಣ್ಣೆಯ ಒಳಉಡುಪು ಎರಡು ಜೊತೆ, ಅದರ ಮೇಲೆ ಫ್ಲೀಸ್, ಅದರ ಮೇಲೆ ಹಕ್ಕಿಗರಿ ತುಂಬಿದ ಡೌನ್ ಜಾಕೆಟ್, ಎಲ್ಲಕ್ಕೂ ಹೊರಗೆ ಗಾಳಿ ತಡೆಯುವ ಪದರ. ಇವೆಲ್ಲ ಬೆಂಗಳೂರಿನ ಡೆಕಾಥ್ಲಾನ್‌ನಲ್ಲೇ ಸಿಗುತ್ತವೆ. ಸ್ಕೂಟರ್ ಪ್ರವಾಸದವರು ದಪ್ಪ ಸೂಟ್, ಬೂಟು, ಹೆಲ್ಮೆಟ್, ಮೇಲ್ಗವಸು ತಾವೇ ಕೊಡುತ್ತಾರೆ. ಮೂವತ್ತು ಸಾವಿರದ ಜಾಕೆಟ್ ಕೊಳ್ಳುವ ಮೊದಲು ಇದನ್ನು ಕೇಳಿಕೊಳ್ಳಿ.

ಮೊದಲು ಸೋಲುವುದು ಬೆರಳು. ಐದು ಬೆರಳಿನ ತೆಳು ಉಣ್ಣೆ ಗವಸು ಒಳಗೆ, ನಾಲ್ಕೂ ಬೆರಳು ಒಟ್ಟಿಗಿರುವ ಮಿಟನ್ ಹೊರಗೆ. ಮಿಟನ್‌ಗೆ ದಾರ ಕಟ್ಟಿ ಮಣಿಕಟ್ಟಿಗೆ ಹಾಕಿಕೊಳ್ಳಿ, ಗಾಳಿ ಹೊತ್ತೊಯ್ದರೆ ಮತ್ತೆ ಸಿಗುವುದಿಲ್ಲ. ಬೂಟು ಒಂದು ಅಳತೆ ದೊಡ್ಡದಿರಲಿ. ಎರಡು ಜೊತೆ ಕಾಲುಚೀಲ ತುರುಕಿ ಬೂಟು ಬಿಗಿಯಾದರೆ ರಕ್ತ ಓಡುವುದಿಲ್ಲ, ಕಾಲು ಇನ್ನೂ ಬೇಗ ತಣ್ಣಗಾಗುತ್ತದೆ. ಮುಖಕ್ಕೆ ವ್ಯಾಸಲಿನ್ ಒಯ್ಯಿರಿ. ಕೊಬ್ಬರಿ ಎಣ್ಣೆ 24 ಡಿಗ್ರಿಗೇ ಗಟ್ಟಿಯಾಗುವ ಪದಾರ್ಥ, ಅಲ್ಲಿ ಬಾಟಲಿಯಿಂದ ಹೊರಗೇ ಬರುವುದಿಲ್ಲ.

ಕ್ಯಾಮೆರಾ ಕೆಡುವುದು ಹೊರಗಿನ ಚಳಿಯಲ್ಲಿ ಅಲ್ಲ, ಒಳಗೆ ಬಂದಾಗ. ತಣ್ಣಗಾದ ಲೋಹ, ಗಾಜಿನ ಮೇಲೆ ಕೋಣೆಯ ಬೆಚ್ಚನೆ ಗಾಳಿಯ ತೇವ ನೀರಾಗಿ ಕೂರುತ್ತದೆ, ಲೆನ್ಸ್ ಒಳಗೂ ಸೇರುತ್ತದೆ. ಬಾಗಿಲ ಹೊರಗೇ ನಿಂತು ಮೆಮೊರಿ ಕಾರ್ಡ್, ಬ್ಯಾಟರಿ ತೆಗೆದುಕೊಳ್ಳಿ. ಕ್ಯಾಮೆರಾವನ್ನು ಜಿಪ್ ಕವರ್‌ಗೆ ಹಾಕಿ ಗಾಳಿ ಒತ್ತಿ ತೆಗೆದು ಮುಚ್ಚಿ, ಒಳಗೆ ಎರಡು ಮೂರು ಗಂಟೆ ಬಿಡಿ. ತೇವ ಕವರ್‌ನ ಹೊರಮೈ ಮೇಲೆ ಕೂರುತ್ತದೆ. ಬ್ಯಾಟರಿ ಮೂರಾದರೂ ಇರಲಿ, ಎರಡು ಸದಾ ಒಳಜೇಬಿನಲ್ಲಿ. ಚಳಿಗೆ ಶೂನ್ಯ ತೋರಿಸಿದ್ದನ್ನು ಮೈಶಾಖದಲ್ಲಿ ಅರ್ಧ ಗಂಟೆ ಇಟ್ಟರೆ ಮತ್ತೆ ಸ್ವಲ್ಪ ಹೊತ್ತು ನಡೆಯುತ್ತದೆ. ಮೊಬೈಲಿಗೂ ಇದೇ ಮಾತು.

ಸಸ್ಯಾಹಾರಿಗಳು ಅಡುಗೆಮನೆ ಇರುವ ಗೆಸ್ಟ್‌ಹೌಸ್ ಹಿಡಿಯುವುದು ಒಳ್ಳೆಯದು. ಅವಲಕ್ಕಿ, ಉಪ್ಪಿಟ್ಟಿನ ಮಿಕ್ಸ್, ಚಟ್ನಿಪುಡಿ, ಪುಳಿಯೋಗರೆ ಪುಡಿ ಸಾಕು. ತರಕಾರಿ, ಬ್ರೆಡ್ಡು ಊರಿನ ಸೂಪರ್ ಮಾರ್ಕೆಟ್‌ನಲ್ಲಿ ಸಿಗುತ್ತದೆ. ತುಪ್ಪ, ಪೇಡ, ಮೈಸೂರುಪಾಕು ಬೇಡ. ಭಾರತದಂಥ ದೇಶದಿಂದ ಹಾಲಿನ ಪದಾರ್ಥ, ಮಾಂಸ ನಾರ್ವೆಯೊಳಗೆ ತರುವಂತಿಲ್ಲ.

ಹಿಮಕರಡಿಯ ಚಿತ್ರವಿರುವ ತ್ರಿಕೋನದ ಫಲಕ ಊರಿನ ಅಂಚಿನಲ್ಲಿದೆ. ಅದನ್ನು ದಾಟಿ ಬರಿಗೈಯಲ್ಲಿ ಒಂದು ಹೆಜ್ಜೆಯೂ ಬೇಡ. ಊರಾಚೆ ಹೋಗುವವರ ಬಳಿ ಕರಡಿ ಓಡಿಸುವ ಸಾಧನ ಇರಲೇಬೇಕೆಂಬುದು ಕಾನೂನು, ಬಂದೂಕೂ ಇರಲಿ ಎಂಬುದು ಗವರ್ನರ್ ಕಚೇರಿಯ ಸಲಹೆ. ಬಂದೂಕು ಹಿಡಿದು ಗೊತ್ತಿಲ್ಲದ ನಮ್ಮಂಥವರಿಗೆ ಗೈಡ್ ಜೊತೆ ಹೋಗುವುದೊಂದೇ ದಾರಿ. 2025ರಿಂದ ಕರಡಿಗೆ 300 ಮೀಟರ್‌ಗಿಂತ ಹತ್ತಿರ ಹೋಗುವಂತಿಲ್ಲ, ಮಾರ್ಚ್ 1ರಿಂದ ಜೂನ್ 30ರವರೆಗೆ ಅದು 500 ಮೀಟರ್. ಕರಡಿಯ ಫೋಟೊದ ಆಸೆ ಇದ್ದರೆ ಉದ್ದನೆ ಲೆನ್ಸ್ ಒಯ್ಯಿರಿ, ಗೈಡ್‌ಗೆ ಹತ್ತಿರ ಹೋಗಲು ಒತ್ತಾಯ ಮಾಡಬೇಡಿ. 1946ಕ್ಕಿಂತ ಹಿಂದೆ ಮನುಷ್ಯರು ಬಿಟ್ಟುಹೋದ ಪ್ರತಿಯೊಂದಕ್ಕೂ ಅಲ್ಲಿ ಕಾನೂನಿನ ರಕ್ಷಣೆ ಇದೆ. ತುಕ್ಕು ಹಿಡಿದ ಮೊಳೆಯನ್ನೂ ಎತ್ತಿಕೊಳ್ಳುವಂತಿಲ್ಲ.

ಬೇಸಿಗೆಯಲ್ಲಿ ಹೋಗುವವರಿಗೆ ನ್ಯೂ ಓಲೆಸುಂಡ್ ಎಂಬ ಸಂಶೋಧಕರ ಊರಿಗೆ ಹೋಗುವ ದೋಣಿ ಸಿಕ್ಕರೆ ಬಿಡಬೇಡಿ. 2008ರಲ್ಲಿ ಆರಂಭವಾದ ನಮ್ಮ ಸಂಶೋಧನಾ ನೆಲೆ 'ಹಿಮಾದ್ರಿ' ಇರುವುದು ಅಲ್ಲಿ. ಅಲ್ಲಿನ ಸೂಕ್ಷ್ಮ ಉಪಕರಣಗಳಿಗಾಗಿ ಸುತ್ತ 20 ಕಿ.ಮೀ. ವೈಫೈ, ಬ್ಲೂಟೂತ್ ಬಳಸುವಂತಿಲ್ಲ. ಮೊಬೈಲನ್ನು ಫ್ಲೈಟ್ ಮೋಡ್‌ಗೆ ಹಾಕಿದರಷ್ಟೇ ಸಾಲದು, ಸ್ಮಾರ್ಟ್‌ವಾಚ್, ಇಯರ್‌ಬಡ್, ಕ್ಯಾಮೆರಾದ ವೈಫೈ ಕೂಡ ದೋಣಿ ಆ ವ್ಯಾಪ್ತಿಯೊಳಗೆ ಬರುವ ಮೊದಲೇ ಆರಿಸಿರಬೇಕು.